ಕಾಡುಹಂದಿ: ಕಲ್ಲಿನ ಬೇಟೆಯೂ ಬೇಲಿಯ ಉರುಳೂ

ಕನ್ನಡನಾಡನ್ನಾಳಿದ ಅರಸುಮನೆತನಗಳು ತಮ್ಮ ಮುದ್ರೆಗಳಿಗೂ ಧ್ವಜಗಳಿಗೂ ಆರಿಸಿಕೊಂಡ ಪ್ರಾಣಿಗಳಲ್ಲಿ ವರಾಹಕ್ಕೆ ಸಂದ ಗೌರವವು ಸಾಮಾನ್ಯವಾದುದಲ್ಲ. ಬಾದಾಮಿಯ ಚಾಲುಕ್ಯರು ವರಾಹಲಾಂಛನರೆಂದು ಪ್ರಸಿದ್ಧರಾದವರು. ಅವರ ತಾಮ್ರಶಾಸನಗಳು ವರಾಹರೂಪಿಯಾದ ವಿಷ್ಣುವಿನ ಸ್ತುತಿಯಿಂದಲೇ ಮೊದಲಾಗುತ್ತವೆ. ಕ್ರಿ. ಶ. 578ರ ಮಂಗಳೇಶನ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯಲ್ಲಿ ಭೂದೇವಿಯನ್ನು ಎತ್ತಿ ನಿಂತ ವರಾಹಮೂರ್ತಿಯನ್ನು ಇಂದಿಗೂ ಕಾಣಬಹುದು. ವಿಜಯನಗರದ ಅರಸರ ಲಾಂಛನದಲ್ಲಿಯೂ ಸೂರ್ಯಚಂದ್ರರ ಮತ್ತು ಕತ್ತಿಯ ಜೊತೆಗೆ ವರಾಹವೇ ನಿಂತಿತು. ಚಿನ್ನದ ನಾಣ್ಯಕ್ಕೆ ಆ ಹೆಸರೇ ಬಿದ್ದು, ಮುಂದೆ ನಾಣ್ಯದ ಮೇಲೆ ಹಂದಿಯ ಚಿತ್ರವಿಲ್ಲದಿದ್ದರೂ ಅದು ವರಾಹವೆಂದೇ ಕರೆಯಲ್ಪಟ್ಟಿತು. ಕೆಳದಿಯ ಶಿವಪ್ಪನಾಯಕನು ಹದಿನೇಳನೆಯ ಶತಮಾನದಲ್ಲಿ ಮಲೆನಾಡಿನ ಗದ್ದೆ ತೋಟಗಳಿಗೆ ಶಿಸ್ತು ಕಟ್ಟಿದಾಗ ಲೆಕ್ಕ ನಡೆದುದೂ ಈ ಹೆಸರಿನ ನಾಣ್ಯದಲ್ಲಿಯೇ. ಹೀಗಾಗಿ ಮಲೆನಾಡಿನ ಒಕ್ಕಲು ಹಂದಿಯು ತಿಂದುಳಿದ ಬತ್ತವನ್ನು ಮಾರಿ ವರಾಹದ ಲೆಕ್ಕದಲ್ಲಿ ಕಂದಾಯ ತೆರುತ್ತಿದ್ದನೆಂದರೆ ಅದು ಬರಿಯ ಚಮತ್ಕಾರದ ಮಾತಲ್ಲ.

ವರಾಹವು ಅರಮನೆಯದೂ ದೇವಾಲಯದ್ದೂ ಆದರೆ, ಹಂದಿಯು ಹೊಲದ್ದು. ಭೂಮಿಯನ್ನು ಕೋರೆಯಿಂದ ಮೇಲಕ್ಕೆತ್ತಿದ ಕಥೆಯನ್ನು ಪುರಾಣಿಕರ ಬಾಯಲ್ಲಿ ಕೇಳಿ ಕೈಮುಗಿದ ಬೇಸಾಯಗಾರನೇ, ಮರುದಿನ ಬೆಳಗ್ಗೆ ಅದೇ ಕೋರೆಯು ತನ್ನ ಗದ್ದೆಯ ಭೂಮಿಯನ್ನು ಎತ್ತಿಹಾಕಿರುವುದನ್ನು ನೋಡಿ ತಲೆಗೆ ಕೈಯಿಡುತ್ತಿದ್ದನು. ಈ ಎರಡು ಮುಖಗಳಲ್ಲಿ ಮೊದಲನೆಯದನ್ನು ಕುರಿತು ಶಿಲ್ಪಶಾಸ್ತ್ರಜ್ಞರೂ ನಾಣ್ಯಶಾಸ್ತ್ರಜ್ಞರೂ ಬೇಕಾದಷ್ಟು ಬರೆದಿದ್ದಾರೆ. ಎರಡನೆಯದರ ಚರಿತ್ರೆ ಮಾತ್ರ ಚದುರಿಹೋಗಿದೆ. ಅದರ ಒಂದು ತುಣುಕು ಶಾಸನದಲ್ಲಿ, ಒಂದು ಕಾವ್ಯದಲ್ಲಿ, ಒಂದು ಸರಕಾರದ ಕಾಯಿದೆಯಲ್ಲಿ. ಉಳಿದುದೆಲ್ಲ ಹೊಲದ ಬದುವಿನಲ್ಲಿ.

ಕಾಡುಹಂದಿಯ ಸ್ವಭಾವವನ್ನು ತಿಳಿಯದೆ ಈ ಚರಿತ್ರೆಯು ಅರ್ಥವಾಗುವಂತಿಲ್ಲ. ಹೆಣ್ಣುಹಂದಿಗಳೂ ಮರಿಗಳೂ ಹಿಂಡುಗಟ್ಟಿ ತಿರುಗುತ್ತವೆ. ಬಲಿತ ಗಂಡು ಬಹುಮಟ್ಟಿಗೆ ಒಂಟಿ. ಸುಮಾರು ನಾಲ್ಕು ತಿಂಗಳು ಗರ್ಭವನ್ನು ಹೊತ್ತು ಒಂದು ಸೂಲಿಗೆ ನಾಲ್ಕಾರು ಮರಿಗಳನ್ನು ಹಾಕುವ ಪ್ರಾಣಿಯಾದುದರಿಂದ, ಜಿಂಕೆ ಕಡವೆಗಳಂತೆ ಒಂದೆರಡು ವರ್ಷಗಳ ಬೇಟೆಯಿಂದ ಇದರ ಸಂತತಿ ಕುಗ್ಗುವುದಿಲ್ಲ. ಕಣ್ಣು ಮಂದ, ಆದರೆ ಮೂಗೂ ಕಿವಿಯೂ ಅತಿ ಚುರುಕು. ಹುಲ್ಲು, ಗೆಡ್ಡೆ, ಬೇರು, ಹುಳು, ಹಾವು, ಸತ್ತ ಪ್ರಾಣಿ, ಯಾವುದನ್ನೂ ಬಿಡುವುದಿಲ್ಲ. ಜಿಂಕೆಯು ಪೈರಿನ ತುದಿಯನ್ನು ಮೇದರೆ ಬುಡ ಮತ್ತೆ ಚಿಗುರೀತು. ಹಂದಿಯು ತಿಂದುದಕ್ಕಿಂತ ಉತ್ತುಹಾಕಿದುದು ಹೆಚ್ಚು. ನೆಲಗಡಲೆ, ಗೆಣಸು, ಕೆಸವು, ಕಬ್ಬು, ಹಾಲುಗಟ್ಟುವ ಬತ್ತ, ಎಳೆಯ ಬಾಳೆಯ ಗೆಡ್ಡೆ, ಹೊಸದಾಗಿ ನೆಟ್ಟ ಅಡಕೆಯ ಸಸಿ, ಇವೆಲ್ಲ ಅದರ ಪಾಲಿಗೆ ಒಂದೇ. ಇರುಳಿನಲ್ಲಿ ಬಂದು ಇರುಳಿನಲ್ಲೇ ಹೋಗುತ್ತದೆ. ಕಾಡಿಲ್ಲದಿದ್ದರೂ ಅದಕ್ಕೆ ಚಿಂತೆಯಿಲ್ಲ. ಒಂದು ಪೊದೆ, ಒಂದು ಹಳ್ಳ, ಹೊರಳಾಡಲು ಒಂದಿಷ್ಟು ಕೆಸರು ಇದ್ದರೆ ಸಾಕು. ಹುಲಿ, ಚಿರತೆ, ಕೆನ್ನಾಯಿಗಳಿರುವ ಕಡೆ ಇದರ ಮರಿಗಳ ಮೇಲೆ ಒಂದು ಕಡಿವಾಣವಿರುವುದು. ಆ ಮೃಗಗಳು ಮರೆಯಾದ ಊರಂಚಿನ ಕುರುಚಲುಗಳಲ್ಲಿ ಮನುಷ್ಯನ ಹೊರತು ಬಲಿತ ಹಂದಿಗೆ ಶತ್ರುವಿಲ್ಲ.

ಭಾಷೆಯೂ ಈ ಹಳೆಯ ಪರಿಚಯಕ್ಕೆ ಸಾಕ್ಷಿಯಾಗಿದೆ. ಹಳಗನ್ನಡದ ‘ಪಂದಿ’ಯು ಪಕಾರವು ಹಕಾರವಾದಾಗ ‘ಹಂದಿ’ಯಾಯಿತು, ಕಾಡುಹಂದಿಗೆ ‘ಎಕ್ಕಲ’ ಎಂಬ ಬೇರೊಂದು ಮಾತೂ ಕಾವ್ಯಗಳಲ್ಲಿದೆ. ಹಂದಿಗೋಡು, ಹಂದಿಗುಂದ, ಹಂದಿಗನೂರು ಮೊದಲಾದ ಊರುಗಳು ಮಲೆನಾಡಿನಲ್ಲೂ ಬಯಲುಸೀಮೆಯಲ್ಲೂ ಇವೆ.

ಹಂದಿಯನ್ನು ಕುರಿತು ನಮ್ಮ ನಾಡಿನಲ್ಲಿ ದೊರೆಯುವ ದಾಖಲೆಗಳಲ್ಲಿ ಆತಕೂರಿನ ಕಲ್ಲಿಗೆ ಸಮನಾದುದು ಇಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಚಲ್ಲೇಶ್ವರ ದೇವಾಲಯದ ಮುಂದೆ ಇದ್ದ ಈ ಶಿಲಾಶಾಸನವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೈಸ್ ಮತ್ತು ಫ್ಲೀಟ್ ಎಂಬ ವಿದ್ವಾಂಸರು ಬೆಳಕಿಗೆ ತಂದರು. ಇದರ ಕಾಲ ಶಕವರ್ಷ 872ನೆಯ ಸೌಮ್ಯ ಸಂವತ್ಸರ, ಎಂದರೆ ಕ್ರಿ. ಶ. 949–50. ಇತಿಹಾಸಕಾರರು ಈ ಕಲ್ಲನ್ನು ಬೆಲೆಯುಳ್ಳುದೆಂದು ಎಣಿಸುವುದು ಮುಖ್ಯವಾಗಿ ತಕ್ಕೋಲದ ಕದನಕ್ಕಾಗಿ. ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನು ಚೋಳ ರಾಜಾದಿತ್ಯನ ಮೇಲೆ ದಂಡೆತ್ತಿ ಹೋಗಿ ತಕ್ಕೋಲದಲ್ಲಿ ಕಾದಿದುದು, ಗಂಗರ ಬೂತುಗನು ಆ ಕಾಳಗದಲ್ಲಿ ರಾಜಾದಿತ್ಯನನ್ನು ಕೊಂದುದು, ಅದಕ್ಕೆ ಮೆಚ್ಚಿ ಚಕ್ರವರ್ತಿಯು ಬನವಾಸಿ ಪನ್ನಿರ್ಛಾಸಿರ, ಬೆಳ್ವೊಲ ಮೂನೂರು, ಪುರಿಗೆರೆ ಮೂನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತುಗಳನ್ನು ಬೂತುಗನಿಗೆ ಕೊಟ್ಟುದು, ಇವೆಲ್ಲ ಈ ಕಲ್ಲಿನಿಂದ ತಿಳಿದುಬಂದ ಸಂಗತಿಗಳು. ಆದರೆ ಕಲ್ಲು ನೆಟ್ಟವನ ಉದ್ದೇಶ ಇದಾವುದೂ ಆಗಿರಲಿಲ್ಲ. ಕಲ್ಲಿನ ತಲೆಯ ಮೇಲೆ ಕಂಡರಿಸಿರುವುದು ಚಕ್ರವರ್ತಿಯ ಆನೆಯನ್ನಲ್ಲ, ಚೋಳನ ಸಾವನ್ನೂ ಅಲ್ಲ. ಒಂದು ನಾಯಿಯೂ ಒಂದು ಹಂದಿಯೂ ಹೋರಾಡುತ್ತಿರುವ ದೃಶ್ಯವನ್ನು.

ಕಥೆಯ ಸಾರವಿಷ್ಟು. ಬೂತುಗನ ಸೇವಕನೂ ಸಗರವಂಶದವನೂ ಆದ ಮಣಲೆರನೆಂಬ ವೀರನು ಆ ಯುದ್ಧದಲ್ಲಿ ಮುಂದೆ ನಿಂತು ಕಾದಿದನು. ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದನು. ಊರನ್ನು ಬೇಡಬಹುದಾಗಿತ್ತು, ಹೊನ್ನನ್ನು ಬೇಡಬಹುದಾಗಿತ್ತು. ಮಣಲೆರನು ಬೇಡಿದುದು ಕಾಳಿಯೆಂಬ ನಾಯಿಯನ್ನು. ನಾಯಿ ಅವನ ಕೈಸೇರಿತು. ಕೆಳಲೆನಾಡಿನ ಬೆಳತೂರಿಗೆ ಪಡುವಲಲ್ಲಿರುವ ಮೊರಡಿಯಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ಹಂದಿಯೂ ನಾಯಿಯೂ ಒಡನೆ ಸತ್ತುವು. ಮಣಲೆರನು ಚಲ್ಲೇಶ್ವರನ ಮುಂದೆ ಕಲ್ಲನ್ನು ನಡಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣನ್ನು ಅದರ ಪೂಜೆಗೆ ಬಿಟ್ಟನು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನೂ, ಆ ಮಣ್ಣನ್ನು ಅಳಿಯುವ ನಾಡಾಳುವವನೂ ಊರಾಳುವವನೂ ನಾಯಿಯು ಮಾಡಿದ ಪಾಪವನ್ನು ಹೊರಬೇಕೆಂದು ಶಾಪವಾಕ್ಯವಿದೆ. ಬೂತುಗನು ಮಣಲೆರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದಲ್ಲಿ ಒಂದು ಊರನ್ನೂ ‘ಬಾಳ್ಗಚ್ಚು’ ಕೊಟ್ಟನೆಂದೂ, ಎಂದರೆ ಕತ್ತಿಯನ್ನು ತೊಳೆದು ಗೌರವಿಸುವ ದತ್ತಿಯಾಗಿ ಕೊಟ್ಟನೆಂದೂ, ಕಲ್ಲು ಹೇಳುತ್ತದೆ.

ಈ ಶಾಪವು ಗಮನಿಸತಕ್ಕುದು. ದತ್ತಿಯನ್ನಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಗುರಿಯಾಗುವನೆಂಬ ಮಾತು ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುವುದು. ನಾಯಿಯ ಪಾಪವು ಬರುವುದು ಅಪೂರ್ವ. ಬೇಟೆನಾಯಿಯು ಬಾಳೆಲ್ಲ ಮಾಡಿದುದು ಕೊಲೆಯೇ. ತನ್ನ ನಾಯಿಯನ್ನು ಊರ ದೇವರ ಎದುರಿಗೆ ನಿಲ್ಲಿಸಿ ಪೂಜೆಗೆ ತಂದ ಮಣಲೆರನು, ಅದು ಪಾಪಿಯೆಂಬುದನ್ನು ಮಾತ್ರ ಮರೆಮಾಚಲಿಲ್ಲ. ಪ್ರೀತಿಯೂ ಪಾಪದ ಅರಿವೂ ಒಂದೇ ಕಲ್ಲಿನಲ್ಲಿ ಹೀಗೆ ಕೂಡಿ ನಿಂತ ಉದಾಹರಣೆಗಳು ಹೆಚ್ಚಿಲ್ಲ.

ಆದರೆ ಬೇಸಾಯದ ಚರಿತ್ರೆಗೆ ಈ ಕಲ್ಲಿನಲ್ಲಿ ಮತ್ತೊಂದು ಮಾತು ಮುಖ್ಯವಾದುದು. ಅದನ್ನು ಎತ್ತಿಹೇಳಿದವರು ಕಡಮೆ. ಹಂದಿ ಸಿಕ್ಕಿದುದು ದೂರದ ಹೆಬ್ಬೆಟ್ಟದಲ್ಲಲ್ಲ. ಊರಿನ ಪಡುವಣ ಮೊರಡಿಯಲ್ಲಿ. ಮೊರಡಿಯೆಂದರೆ ಕಲ್ಲುಗುಡ್ಡ, ಉಳಲಾಗದೆ ಉಳಿದ ಬೋರೆ; ಅದರ ಬುಡದಲ್ಲಿ ಊರು, ಕೆರೆ, ಕೆರೆಯ ಕೆಳಗೆ ಖಂಡುಗದ ಲೆಕ್ಕದ ಗದ್ದೆ. ಹತ್ತನೆಯ ಶತಮಾನದ ಮದ್ದೂರು ಸೀಮೆಯಲ್ಲಿ ಹಂದಿಯು ಹಗಲನ್ನು ಎಲ್ಲಿ ಕಳೆಯುತ್ತಿತ್ತು, ಇರುಳು ಎಲ್ಲಿಗೆ ಇಳಿಯುತ್ತಿತ್ತು ಎಂಬುದು ಇಷ್ಟರಿಂದಲೇ ಸ್ಪಷ್ಟವಾಗುವುದು. ಒಡೆಯನ ವಿನೋದವಾಗಿದ್ದ ಬೇಟೆಯು ಒಕ್ಕಲಿಗನ ಕಾವಲೂ ಆಗಿದ್ದಿತು. ಮಣಲೆರನು ಗದ್ದೆಯನ್ನು ಕಾಯಲು ಹೊರಟನೆಂದು ಕಲ್ಲು ಹೇಳುವುದಿಲ್ಲ, ಹೇಳಬೇಕಾದುದೂ ಇಲ್ಲ. ಬೆಳತೂರಿನ ಒಕ್ಕಲು ಆ ದಿನ ನಾಯಿಗಾಗಿ ಎಷ್ಟು ಮರುಗಿದರೋ, ಹಂದಿಯ ಹೆಣವನ್ನು ಕಂಡು ಎಷ್ಟು ಹಿಗ್ಗಿದರೋ! ಹಂದಿಯೊಡನೆ ಹೋರಾಡಿ ಸತ್ತ ಮನುಷ್ಯರಿಗಾಗಿಯೂ ನಾಡಿನಲ್ಲಿ ವೀರಗಲ್ಲುಗಳು ನಿಂತಿವೆ. ತುರುಗೋಳಿನಲ್ಲಿ ಸತ್ತವನೂ ಹುಲಿಯನ್ನಿರಿದು ಸತ್ತವನೂ ಪಡೆದ ವೀರಸ್ವರ್ಗವನ್ನು ಹಂದಿಯ ಕೋರೆಗೆ ಸಿಕ್ಕಿದವನಿಗೂ ಕೊಟ್ಟ ಸಮಾಜವು, ಅವನ ಸಾವನ್ನು ಬರಿಯ ವಿನೋದದ ಅಪಘಾತವೆಂದು ಬಗೆದಿರಲಾರದು.

ಕವಿಗಳಲ್ಲಿ ಈ ನಂಟನ್ನು ಬಿಡಿಸಿ ಕಂಡವನು ರಾಘವಾಂಕ. ಹರಿಶ್ಚಂದ್ರಕಾವ್ಯದಲ್ಲಿ ವಿಶ್ವಾಮಿತ್ರನು ಅರಸನನ್ನು ಕೆಣಕಲು ಹೂಡುವ ಮೊದಲ ಉಪಾಯವೇ ಮೃಗಪಕ್ಷಿಗಳನ್ನು ಸೃಷ್ಟಿಸಿ ನಾಡಿನ ಬೆಳೆಯ ಮೇಲೆ ಬಿಡುವುದು. ಬೆಳೆ ಹಾಳಾದವರು ಬಂದು ಮೊರೆಯಿಡುತ್ತಾರೆ. ಆಗ ಅರಸು ಬೇಟೆಗೆ ಹೊರಡುತ್ತಾನೆ. ಬೇಟೆಯಲ್ಲಿ ಮಾಯೆಯ ಹಂದಿಯೊಂದು ಅವನನ್ನು ಋಷಿಯ ಆಶ್ರಮದ ಕಡೆಗೆ ಸೆಳೆಯುತ್ತದೆ. ಮುಂದಿನ ಕಷ್ಟಪರಂಪರೆಗೆಲ್ಲ ಅಲ್ಲಿಯೇ ಬೀಜ. ಹದಿಮೂರನೆಯ ಶತಮಾನದ ಕವಿಯು ತನ್ನ ನಾಯಕನಿಗೆ ಕಾಡುಹೊಗಲು ಒಂದು ಕಾರಣವನ್ನು ಹುಡುಕಿದಾಗ, ಪ್ರಜೆಗಳ ಬೆಳೆಯ ದೂರಿಗಿಂತ ಸಹಜವಾದ ಕಾರಣವು ಅವನಿಗೆ ತೋರಲಿಲ್ಲ. ಬೆಳೆಯನ್ನು ಮೃಗದಿಂದ ಕಾಯುವುದು ಅರಸನ ಹೊಣೆಯೆಂಬುದು ಅವನ ಕೇಳುಗರಿಗೆ ಒಪ್ಪಿತವಾದ ಮಾತಾಗಿರಬೇಕು. ಕಿರಾತಾರ್ಜುನ ಪ್ರಸಂಗದಲ್ಲಿಯೂ, ಹದಿನೇಳನೆಯ ಶತಮಾನದ ಷಡಕ್ಷರಿಯ ಶಬರಶಂಕರವಿಳಾಸದಲ್ಲಿಯೂ ಹಂದಿಯು ಬರುತ್ತದೆ; ಆದರೆ ಅಲ್ಲಿ ಅದು ಇಬ್ಬರು ಬಿಲ್ಲಾಳುಗಳ ನಡುವಣ ಜಗಳಕ್ಕೆ ನೆಪ, ಬೆಳೆಯ ಮಾತಿಲ್ಲ.

ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ಕ್ರಿ. ಶ. 1129ರ ಸುಮಾರಿಗೆ ಹುಟ್ಟಿದ ಸಂಸ್ಕೃತ ಗ್ರಂಥ. ಅದರಲ್ಲಿ ಬೇಟೆಗೂ ನಾಯಿಗಳಿಗೂ ಪ್ರಕರಣಗಳಿವೆ. ಹಂದಿಯ ಮಾಂಸವನ್ನು ಅಟ್ಟು ಬಡಿಸುವ ಕ್ರಮವೂ ಇದೆ. ಅರಸನ ಬೇಟೆಗೆ ಹೀಗೆ ಶಾಸ್ತ್ರವಾಯಿತು, ಕಾವ್ಯವಾಯಿತು, ಕಲ್ಲಾಯಿತು. ಒಕ್ಕಲಿಗನು ತನ್ನ ಹೊಲವನ್ನು ತಾನೇ ಕಾದುಕೊಂಡ ಬಗೆಗೆ ಮಾತ್ರ ಯಾರೂ ಗ್ರಂಥ ಬರೆಯಲಿಲ್ಲ.

ಆ ಬಗೆಗಳು ಹಲವು. ಮೊದಲನೆಯದು ಕಾವಲು. ಹೊಲದ ನಡುವೆ ನಾಲ್ಕು ಕಂಬದ ಮೇಲೆ ಅಟ್ಟಣೆ ಕಟ್ಟಿ, ಹುಲ್ಲು ಹೊದಿಸಿ, ಪೈರು ಹಾಲುಗಟ್ಟುವ ದಿನದಿಂದ ಕೊಯ್ಲಿನವರೆಗೂ ಒಬ್ಬನು ಅಲ್ಲಿ ಇರುಳು ಕಳೆಯಬೇಕು. ಕೈಯಲ್ಲಿ ಕವಣೆ, ಮಗ್ಗುಲಲ್ಲಿ ತಮಟೆಯೋ ಡಬ್ಬವೋ, ಕೆಳಗೆ ಬೆಂಕಿ. ಒಂದು ಅಟ್ಟಣೆಯಿಂದ ಕೂಗು ಹೊರಟರೆ ಮುಂದಿನ ಅಟ್ಟಣೆಯವನು ಮರುಕೂಗು ಕೊಡುವುದು ವಾಡಿಕೆ. ಹಂದಿಯು ಒಂದು ಹೊಲದಿಂದ ಎದ್ದು ಇನ್ನೊಂದಕ್ಕೆ ಇಳಿಯದಂತೆ ಮಾತ್ರವಲ್ಲ, ಕಾವಲಿನವನು ನಿದ್ದೆಹೋಗದಂತೆಯೂ ಅದು ಎಚ್ಚರ. ಮಳೆಗಾಲದ ಮಲೆನಾಡಿನಲ್ಲಿ ಜಿಗಣೆ, ಚಳಿ, ಜ್ವರಗಳ ನಡುವೆ ಈ ಕಾವಲು ಎಂಥದೆಂಬುದನ್ನು ಬಯಲಿನವರು ಊಹಿಸುವುದು ಕಷ್ಟ. ಹಗಲೆಲ್ಲ ದುಡಿದವನೇ ಇರುಳೆಲ್ಲ ಎಚ್ಚರವಿರಬೇಕು. ಬೆಳೆಯ ಲೆಕ್ಕದಲ್ಲಿ ಬೀಜ, ಗೊಬ್ಬರ, ಎತ್ತು, ಕೂಲಿಗಳು ಬರುತ್ತವೆ. ಈ ನಿದ್ದೆಯ ಲೆಕ್ಕವನ್ನು ಯಾವ ಶಿಸ್ತಿನವನೂ ಹಿಡಿಯಲಿಲ್ಲ.

ಎರಡನೆಯದು ಬೇಲಿಯೂ ಅಗಳೂ. ಬಯಲಿನಲ್ಲಿ ಕತ್ತಾಳೆ, ಕಳ್ಳಿ, ಕಾರೆಮುಳ್ಳುಗಳ ಬೇಲಿ. ಮಲೆನಾಡಿನ ಅಡಕೆ ತೋಟಗಳ ಸುತ್ತ ಆಳವಾದ ಅಗಳು. ಅಗಳು ದನಕ್ಕೆ ಸಾಕು. ಹಂದಿಗೆ ಒಂದು ಮಳೆಗಾಲದಲ್ಲಿ ದಂಡೆ ಕುಸಿದರೆ ಅದೇ ದಾರಿ. ಬೇಲಿಯಲ್ಲಿ ಒಂದು ಕಂಡಿ ಮಾಡಿತೆಂದರೆ ಹಿಂಡೆಲ್ಲ ಅದೇ ಕಂಡಿಯಲ್ಲಿ ನುಗ್ಗುವುದು, ದಿನವೂ ನುಗ್ಗುವುದು. ಹಂದಿಯ ಈ ಅಭ್ಯಾಸವೇ ಮೂರನೆಯ ಉಪಾಯಕ್ಕೆ, ಎಂದರೆ ಹಿಡಿಯುವ ಉಪಾಯಕ್ಕೆ, ಮೂಲವಾಯಿತು.

ಹಿಡಿಯುವ ಸಾಧನಗಳಲ್ಲಿ ಬಲೆ, ಕುಳಿ, ಉರುಳು ಇವು ಮುಖ್ಯವಾದುವು. ಬಲೆಯ ಬೇಟೆಯು ಊರೊಟ್ಟಿನ ಕೆಲಸ. ಹಂದಿ ಮಲಗಿರುವ ಪೊದೆಯ ಒಂದು ಬದಿಗೆ ದಪ್ಪ ಹಗ್ಗದ ಬಲೆಯನ್ನು ಕವೆಗೋಲುಗಳ ಮೇಲೆ ನಿಲ್ಲಿಸಿ, ಮಿಕ್ಕ ಮೂರು ಬದಿಯಿಂದ ಜನರು ಕೂಗುತ್ತ, ಬಡಿಯುತ್ತ, ನಾಯಿಗಳನ್ನು ಮುಂದೆ ಬಿಟ್ಟು ಸೋಹುತ್ತಾರೆ. ನುಗ್ಗಿದ ಹಂದಿಯ ಮೇಲೆ ಬಲೆ ಕವಿದು ಬೀಳುತ್ತದೆ. ಕಾದಿದ್ದವರು ಭರ್ಜಿಯಿಂದ ತಿವಿಯುತ್ತಾರೆ. ಚಾಮರಾಜನಗರದ ಬಳಿ 1874ರಲ್ಲಿ ಆನೆಗಳ ಖೆಡ್ಡವನ್ನು ನಡೆಸಿದ ಸ್ಯಾಂಡರ್ಸನ್ನನು ಆ ಸೀಮೆಯ ಹಳ್ಳಿಗರು ಹುಲಿಯನ್ನೇ ಬಲೆಯಿಂದ ಸುತ್ತುಗಟ್ಟಿ ಭರ್ಜಿಗಳಿಂದ ಕೊಲ್ಲುತ್ತಿದ್ದುದನ್ನು 1878ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ವಿವರಿಸಿದ್ದಾನೆ. ಬಲೆಯ ಬೇಟೆಗೆ ಜನ ಬೇಕು, ಹಗಲು ಬೇಕು, ಒಬ್ಬರ ಮಾತನ್ನು ಒಬ್ಬರು ಕೇಳಬೇಕು. ಹಂದಿಯು ಎದುರು ನಿಲ್ಲುತ್ತದೆ. ತಪ್ಪಿದರೆ ಮನುಷ್ಯನಿಗೂ ನಾಯಿಗೂ ಕೋರೆಯ ಪೆಟ್ಟು. ಬೆಳತೂರಿನ ಮೊರಡಿಯಲ್ಲಿ ಕಾಳಿಗೆ ಆದುದು ಅದೇ.

ಕುಳಿಯು ಒಂಟಿ ಮನೆಯವನಿಗೂ ಸಾಧ್ಯವಾದುದು. ಕಂಡಿಯ ಒಳಬದಿಗೆ ಆಳವಾಗಿ ತೋಡಿ, ಗೋಡೆಯನ್ನು ಕೆಳಗೆ ಅಗಲವಾಗಿಯೂ ಮೇಲೆ ಕಿರಿದಾಗಿಯೂ ಮಾಡಿ, ಸೌದೆ ಸೊಪ್ಪು ಮಣ್ಣು ಮುಚ್ಚಿ, ಮೇಲೆ ಹಳೆಯ ಹೆಜ್ಜೆಯ ಗುರುತು ಅಳಿಯದಂತೆ ನೋಡಿಕೊಳ್ಳಬೇಕು. ಹೊಸ ಮಣ್ಣಿನ ವಾಸನೆಯಿದ್ದರೆ ಹಂದಿ ಸುಳಿಯದು. ಆದುದರಿಂದ ತೋಡಿದ ಮಣ್ಣನ್ನು ದೂರ ಸಾಗಿಸಬೇಕು. ಇಷ್ಟೆಲ್ಲ ಮಾಡಿದಮೇಲೂ ಕುಳಿಗೆ ಊರ ಕರು ಬೀಳುವುದುಂಟು, ದಾರಿತಪ್ಪಿದ ಮನುಷ್ಯನೂ ಬೀಳುವುದುಂಟು. ಹಾಗಾಗಿ ಕುಳಿಯಿರುವ ಜಾಗವನ್ನು ಊರಿಗೆಲ್ಲ ತಿಳಿಸಬೇಕಾಗುತ್ತಿತ್ತು. ಗುಟ್ಟಿನ ಕುಳಿಯು ಜಗಳಕ್ಕೆ ಮೂಲ.

ಉರುಳು ಇವೆರಡಕ್ಕಿಂತಲೂ ಸುಲಭ, ಅಗ್ಗ, ಮೂಕ. ಬೇಲಿಯ ಕಂಡಿಯಲ್ಲಿ ಜೀರುಗುಣಿಕೆಯ ಒಂದು ಕಣ್ಣಿ. ಅದರ ಇನ್ನೊಂದು ತುದಿ ಗಟ್ಟಿಯಾದ ಗೂಟಕ್ಕೋ ಬಗ್ಗಿಸಿ ಹಿಡಿದ ಗಳುವಿಗೋ ಕಟ್ಟಿರುತ್ತದೆ. ತಲೆ ತೂರಿಸಿದ ಹಂದಿ ಮುಂದಕ್ಕೆ ಎಳೆದಷ್ಟೂ ಕಣ್ಣಿ ಬಿಗಿಯುವುದು. ಹಿಂದೆ ಇದನ್ನು ನಾರಿನ ಹಗ್ಗದಿಂದಲೋ ತೊಗಲಿನ ಮಿಣಿಯಿಂದಲೋ ಮಾಡುತ್ತಿದ್ದರು. ನಾರು ಮಳೆಗೆ ಕೊಳೆಯುತ್ತದೆ, ಬಲವಾದ ಮೃಗವು ಕಡಿದುಕೊಂಡು ಹೋಗುತ್ತದೆ. ಬೆಳೆ ಮುಗಿದ ಮೇಲೆ ಮರೆತ ಉರುಳು ತಾನಾಗಿಯೇ ಮಣ್ಣಾಗುತ್ತದೆ. ಹಳೆಯ ಉರುಳಿಗೆ ಇದ್ದ ಈ ದೌರ್ಬಲ್ಯವು ಒಂದು ದೊಡ್ಡ ಗುಣವಾಗಿದ್ದಿತೆಂಬುದು, ಅದರ ಜಾಗಕ್ಕೆ ಲೋಹದ ತಂತಿ ಬಂದಮೇಲೆ ತಿಳಿಯಿತು.

ಕೊಡಗಿನಲ್ಲಿ ಬೇಸಾಯಕ್ಕೂ ಆಯುಧಕ್ಕೂ ಇದ್ದ ನಂಟು ಹಬ್ಬದ ರೂಪವನ್ನೇ ಪಡೆಯಿತು. ನಾಟಿಯ ಕೆಲಸ ಮುಗಿಯುವವರೆಗೆ ಆಯುಧಗಳನ್ನು ಮನೆಯ ಕನ್ನಿಕೊಂಬರೆಯಲ್ಲಿ ಇಟ್ಟಿರುವುದು, ಕೈಲ್‌ಪೊಳ್ದಿನ ದಿನ ಅವನ್ನು ತೆಗೆದು ಹೂವಿಟ್ಟು ಪೂಜಿಸುವುದು, ಆಮೇಲೆ ಬೇಟೆಗೆ ಹೊರಡುವುದು ಹಿಂದಿನ ಕ್ರಮ. ಪೈರು ನೆಟ್ಟಾಯಿತು, ಇನ್ನು ಅದನ್ನು ಹಂದಿಯಿಂದ ಕಾಯಬೇಕೆಂಬುದು ಈ ಹಬ್ಬದ ನೇರವಾದ ಅರ್ಥ. ಬೇಟೆಗೆ ಕಾಲವುಂಟು, ಗುಂಪುಂಟು, ಮಾಂಸವನ್ನು ಕೂಡಿದವರೆಲ್ಲ ಹಂಚಿಕೊಳ್ಳುವ ಕಟ್ಟಳೆಯುಂಟು. 1857ರ ದಂಗೆಯ ತರುವಾಯ ಇಂಗ್ಲಿಷರು ದೇಶದ ಜನರಿಂದ ಆಯುಧಗಳನ್ನು ಕಸಿದುಕೊಂಡಾಗ, 1861ರಲ್ಲಿ ಕೊಡಗರಿಗೆ ಅದರಿಂದ ವಿನಾಯಿತಿ ದೊರೆಯಿತು. ಅದು ಒಂದಲ್ಲ ಒಂದು ರೂಪದಲ್ಲಿ ಉಳಿದುಬಂದು, 2019ರಲ್ಲಿ ಮತ್ತೆ ಹತ್ತು ವರ್ಷಗಳ ಅವಧಿಗೆ ಮುಂದುವರಿಯಿತು.

ಉಳಿದ ಕನ್ನಡಸೀಮೆಯ ಒಕ್ಕಲಿಗೆ ಆ ಭಾಗ್ಯವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾಡುಗಳಿಗೆ ಗಡಿಕಲ್ಲು ಬಿದ್ದುವು. ಮೈಸೂರು ಸಂಸ್ಥಾನದಲ್ಲಿ 1900ರಲ್ಲಿ ಅರಣ್ಯದ ಕಾನೂನೂ, 1901ರಲ್ಲಿ ಬೇಟೆಯ ಮೃಗಗಳನ್ನೂ ಮೀನುಗಳನ್ನೂ ಕಾಪಾಡುವ ಕಾನೂನೂ ಜಾರಿಗೆ ಬಂದುವು. ಕಾಡು ಒಂದು ಇಲಾಖೆಯದಾಯಿತು, ಬೇಟೆ ಪರವಾನೆ ಪಡೆದವರದಾಯಿತು. ಇದು ಕಾಡಿಗೆ ಒಳ್ಳೆಯದನ್ನೇ ಮಾಡಿತೆಂಬುದರಲ್ಲಿ ಸಂದೇಹವಿಲ್ಲ. ಆ ಗಡಿಕಲ್ಲುಗಳಿಲ್ಲದಿದ್ದರೆ ಇಂದು ಬಂಡೀಪುರವೂ ಇಲ್ಲ, ನಾಗರಹೊಳೆಯೂ ಇಲ್ಲ. ಆದರೆ ಅದೇ ಕಾಲಕ್ಕೆ ಊರೊಟ್ಟಿನ ಬಲೆಬೇಟೆಯು ಅಪರಾಧದ ಅಂಚಿಗೆ ಸರಿಯಿತು. ಬೆಳೆಯನ್ನು ಮೃಗದಿಂದ ಕಾಯುವ ಹೊಣೆಯನ್ನು ರಾಘವಾಂಕನ ಅರಸನಂತೆ ಹೊತ್ತುಕೊಳ್ಳುವವರು ಯಾರೂ ಉಳಿಯಲಿಲ್ಲ; ಹೊರಬೇಕಾದವನ ಕೈಯಿಂದ ಸಾಧನವೂ ಹೋಯಿತು. ಸ್ವತಂತ್ರ ಭಾರತದ 1959ರ ಆಯುಧಗಳ ಕಾಯಿದೆಯಲ್ಲಿ, ಬೆಳೆಯ ರಕ್ಷಣೆಗೆಂದು ಬಾಯಿಮದ್ದಿನ ಬಂದೂಕಿಗೆ ಪರವಾನೆ ಕೊಡಲು ಪ್ರತ್ಯೇಕವಾದ ಒಂದು ವಾಕ್ಯವಿದೆ. ಚುನಾವಣೆ ಬಂದಾಗಲೆಲ್ಲ ಅಂಥ ಬಂದೂಕುಗಳನ್ನು ಪೊಲೀಸು ಠಾಣೆಗೆ ಒಪ್ಪಿಸುವುದು ವಾಡಿಕೆಯಾಗಿದೆ. ಹಂದಿಗೆ ಚುನಾವಣೆಯ ದಿನಾಂಕ ತಿಳಿಯದು.

1972ರ ವನ್ಯಜೀವಿ ಸಂರಕ್ಷಣ ಕಾಯಿದೆಯು ಬೇಟೆಯ ಹಳೆಯ ಲೋಕವನ್ನೇ ಮುಗಿಸಿತು. ಕಾಡುಹಂದಿಯೂ ಅದರ ಅನುಸೂಚಿಯೊಳಕ್ಕೆ ಬಂದಿತು. 2022ರ ತಿದ್ದುಪಡಿಯಲ್ಲಿ ಅನುಸೂಚಿಗಳನ್ನು ಹೊಸದಾಗಿ ಜೋಡಿಸಿದಾಗ ಎರಡನೆಯದರಲ್ಲಿ ಸೇರಿತು. ಕಾಯಿದೆಯು ಒಕ್ಕಲಿಗನಿಗೆ ಬಾಗಿಲನ್ನು ಪೂರ್ತಿಯಾಗಿ ಮುಚ್ಚಿಲ್ಲ. ಇಂಥ ಪ್ರಾಣಿಯು ಮನುಷ್ಯನ ಪ್ರಾಣಕ್ಕೋ ನಿಂತ ಬೆಳೆಗೋ ಅಪಾಯಕಾರಿಯಾದರೆ, ಕಾರಣಗಳನ್ನು ಬರೆದು ಅದನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವು ಹನ್ನೊಂದನೆಯ ಪ್ರಕರಣದಲ್ಲಿದೆ. ಒಂದು ಪ್ರದೇಶದಲ್ಲಿ ಒಂದು ಕಾಲಾವಧಿಗೆ ಅದನ್ನು ಉಪದ್ರವಿ ಪ್ರಾಣಿಯೆಂದು ಸಾರುವ ಅಧಿಕಾರವು ಅರವತ್ತೆರಡನೆಯ ಪ್ರಕರಣದಂತೆ ಕೇಂದ್ರ ಸರಕಾರಕ್ಕಿದೆ. ಉತ್ತರಾಖಂಡದಲ್ಲಿ 2016ರಲ್ಲಿ ಹಾಗೆ ಸಾರಲಾಯಿತು. ನೆರೆಯ ಕೇರಳವು 2022ರಲ್ಲಿ ಅನುಮತಿಯ ಅಧಿಕಾರವನ್ನು ಪಂಚಾಯಿತಿಗಳ ಅಧ್ಯಕ್ಷರವರೆಗೆ ಇಳಿಸಿತು. ಈ ಕೊನೆಯ ಏರ್ಪಾಡು ವಿಚಾರಕ್ಕೆ ಯೋಗ್ಯವಾದುದು. ಏಕೆಂದರೆ ಹಂದಿ ಯಾವ ಹೊಲಕ್ಕೆ ಇಳಿಯಿತೆಂಬುದು ಪಂಚಾಯಿತಿಗೆ ಮರುದಿನವೇ ತಿಳಿಯುವುದು, ರಾಜಧಾನಿಗೆ ತಿಳಿಯುವ ಹೊತ್ತಿಗೆ ಕೊಯ್ಲು ಮುಗಿದಿರುವುದು. ದೂರು ಬರೆದು ಅನುಮತಿಗೆ ಕಾಯುವುದಕ್ಕಿಂತ, ಇರುಳಿನಲ್ಲಿ ಯಾರೂ ನೋಡದಂತೆ ಒಂದು ತಂತಿಯನ್ನು ಕಂಡಿಗೆ ಕಟ್ಟಿಬಿಡುವುದು ಹಲವರಿಗೆ ಸುಲಭವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಹೀಗೆ ಬಲೆ ಮರೆಯಾಯಿತು, ಕುಳಿ ಮರೆಯಾಯಿತು, ಕಾಳಿಯಂಥ ನಾಯಿಯೂ ಮರೆಯಾಯಿತು, ಉರುಳೊಂದು ಉಳಿಯಿತು. ಅದು ಈಗ ಮೋಟಾರುಬೈಕಿನ ಕ್ಲಚ್ಚಿನ ತಂತಿ. ಕೊಳೆಯುವುದಿಲ್ಲ, ಕಡಿಯುವುದಿಲ್ಲ. ಹಂದಿಗೆಂದು ಕಾಫಿತೋಟದ ಬೇಲಿಯಲ್ಲಿ ಕಟ್ಟಿದ ತಂತಿಗೆ ಚಿರತೆ ಸಿಕ್ಕಿಬೀಳುತ್ತದೆ, ಕೆಲವೊಮ್ಮೆ ಹುಲಿಯೇ ಸಿಕ್ಕಿಬೀಳುತ್ತದೆ; ಹಂದಿಯ ಸಂತತಿಯನ್ನು ತಡೆಹಿಡಿಯಬಲ್ಲ ಮೃಗಗಳೇ ಹಂದಿಯ ಹೆಸರಿನಲ್ಲಿ ಸಾಯುತ್ತವೆ. ಇದಕ್ಕಿಂತ ಭಯಂಕರವಾದ ಇನ್ನೆರಡು ಉಪಾಯಗಳೂ ಬಳಕೆಗೆ ಬಂದಿವೆ. ಒಂದು, ಬೇಲಿಗೆ ಕದ್ದು ಹಾಯಿಸಿದ ವಿದ್ಯುತ್ತು. ಅದರಿಂದ ಆನೆಗಳೂ, ಬೆಳಗಿನ ಜಾವ ಗದ್ದೆಗೆ ಹೋದ ಮನುಷ್ಯರೂ ಸತ್ತಿದ್ದಾರೆ. ಇನ್ನೊಂದು, ತಿನಿಸಿನೊಳಗೆ ಹುದುಗಿಸಿದ ಸಿಡಿಮದ್ದಿನ ಉಂಡೆ. ಕಚ್ಚಿದೊಡನೆ ಬಾಯಿ ಸೀಳಿಹೋಗುವುದು. ಕೇರಳದ ಪಾಲಕ್ಕಾಡು ಜಿಲ್ಲೆಯಲ್ಲಿ 2020ರ ಮೇ ತಿಂಗಳಲ್ಲಿ ಇಂಥ ಮದ್ದಿನಿಂದ ಬಾಯಿ ಒಡೆದ ಗಬ್ಬದ ಆನೆಯೊಂದು ಹೊಳೆಯ ನೀರಿನಲ್ಲಿ ನಿಂತು ಪ್ರಾಣಬಿಟ್ಟ ಸುದ್ದಿಯು ದೇಶವನ್ನೆಲ್ಲ ಕಲಕಿತು. ಹಳ್ಳಿಗಳಲ್ಲಿ ಈ ಉಂಡೆಗೆ ಬಾಯಿಕೊಟ್ಟ ಹಸುಗಳ ಸುದ್ದಿ ಊರ ಗಡಿಯನ್ನು ದಾಟುವುದಿಲ್ಲ.

ಆತಕೂರಿನ ಸೀಮೆಯಲ್ಲಿಯೂ ನೆಲದ ರೂಪ ಬದಲಾಗಿದೆ. ಕೃಷ್ಣರಾಜಸಾಗರದ ನಾಲೆಯ ನೀರು ಹರಿದು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪನಿ ಸ್ಥಾಪಿತವಾದಮೇಲೆ, ರಾಗಿ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ಕಬ್ಬಿನ ಗದ್ದೆಗಳಾದುವು. ಆಳೆತ್ತರದ ಕಬ್ಬು ವರ್ಷದ ಬಹುಭಾಗ ನಿಂತಿರುವುದು; ಆಹಾರವೂ ಅಡಗುದಾಣವೂ ಒಂದೇ ಕಡೆ ದೊರೆತರೆ ಹಂದಿಗೆ ಮೊರಡಿಯ ಅವಶ್ಯಕತೆಯಿಲ್ಲ. ಕಾಳಿಯ ಕಲ್ಲು ಈಗ ಆ ಊರಿನಲ್ಲಿಲ್ಲ. ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ಅದಕ್ಕೆ ಪೂಜೆಯಿಲ್ಲ, ಎರಡು ಖಂಡುಗದ ಮಣ್ಣೂ ಇಲ್ಲ. ಅತ್ತ ನಾಗರಹೊಳೆ ಬಂಡೀಪುರಗಳ ಅಂಚಿನಲ್ಲಿ ಅರಣ್ಯ ಇಲಾಖೆಯ ಕಾವಲುಗಾರರು ತೋಟಗಳ ಬೇಲಿಯನ್ನು ಕಂಡಿಕಂಡಿಯಾಗಿ ತಡಕುತ್ತ ನಡೆದು, ಸಿಕ್ಕಿದ ಉರುಳುಗಳನ್ನು ಬಿಚ್ಚಿ ಕೈಚೀಲಕ್ಕೆ ಹಾಕಿಕೊಳ್ಳುತ್ತಾರೆ. ಮುಂದಿನ ವಾರ ಅದೇ ಬೇಲಿಯಲ್ಲಿ ಮತ್ತೆ ನಡೆಯಬೇಕಾಗುತ್ತದೆ.